ಇಪ್ಪತ್ತು ತೆತ್ರಿ

ಆ ಕಟ್ಟಡದ ಲಿಫ್ಟಿಗೆ ಕಾಸು ಹಾಕಬೇಕು.
ಇಪ್ಪತ್ತು ತೆತ್ರಿಯ ಬಿಲ್ಲೆ ನುಂಗಿ, ಗಂಟಲು ಸರಿಮಾಡಿಕೊಂಡು,
ಒಂದು ಗಳಿಗೆ ಯೋಚಿಸಿ, ಆಮೇಲೆ ಏಳುತ್ತದೆ.
ಇಳಿಯುವುದು ಪುಕ್ಕಟೆ.
ತ್ಬಿಲಿಸಿಯ ಹಳೆಯ ಬಡಾವಣೆ; ಲಮಾರಾ ಇರುವುದು
ಒಂಬತ್ತನೆಯ ಮಹಡಿ.

ಮೂವತ್ತನಾಲ್ಕು ವರ್ಷ ಬ್ಯಾಲೆ ಶಾಲೆಯಲ್ಲಿ
ಪಿಯಾನೊ ಬಾರಿಸಿದ ಕೈ ಆಕೆಯದು.
ಎದುರಿಗೆ ಕಂಬಿ ಹಿಡಿದು ಸಾಲು ಸಾಲು ಮಕ್ಕಳು:
ಮಡಿಸು, ನೀಡು, ಮಡಿಸು, ನೀಡು,
ಅದೇ ಎಂಟೆಣಿಕೆ, ಅದೇ ಮಂಡಿ, ಅದೇ ಬೆವರು.
ಎಷ್ಟು ಬೆನ್ನು ನೆಟ್ಟಗಾದವೋ ಆ ಹತ್ತು ಬೆರಳಲ್ಲಿ!
ಸ್ಟೂಲಿನ ಮೇಲಿನ ಬೆನ್ನು ಮಾತ್ರ ಬಾಗುತ್ತಲೇ ಹೋಯಿತು.
ಅರವತ್ತೆರಡಕ್ಕೆ ಡಾಕ್ಟರು ಎದೆಗೆ ಕಿವಿಯಿಟ್ಟು
‘ತಾಳ ತಪ್ಪುತ್ತಿದೆ, ಲಮಾರಾ’ ಅಂದರು.
ಬೇರೆ ಯಾವ ಮಾತಿಗೂ ಆಕೆ ಅಷ್ಟು ಹೆದರುತ್ತಿರಲಿಲ್ಲ.

ಮೊದಲ ದಿನ ಮೂರನೆಯ ಮಹಡಿ.
ಗೋಡೆಗೆ ಒರಗಿ ಲಿಫ್ಟು ಕರೆದರೆ ಪೂರಾ ಕಾಸು ಕೇಳಿತು;
ಅರ್ಧ ದಾರಿಗೆ ಅರ್ಧ ಅನ್ನುವ ನ್ಯಾಯ ಅದಕ್ಕಿಲ್ಲ.
ಆ ಸಿಟ್ಟಿಗೇ ಮರುದಿನ ನಾಲ್ಕು.
ನಾಲ್ಕಕ್ಕೂ ಅಷ್ಟೇ ಕಾಸು. ಐದಕ್ಕೂ.
ಇಪ್ಪತ್ತಮೂರನೆಯ ದಿನ, ಬ್ರೆಡ್ಡಿನ ಚೀಲ ಕಂಕುಳಲ್ಲಿಟ್ಟು
ತನ್ನ ಬಾಗಿಲ ಮುಂದೆ ನಿಂತಾಗ ಬಿಲ್ಲೆ ಕೈಯಲ್ಲೇ ಇತ್ತು,
ಬೆವರಿಗೆ ಒದ್ದೆಯಾಗಿ.
ಹುಳಿ ಪ್ಲಮ್ಮಿನ ಗೊಜ್ಜು ಮುಗಿದ ಜಾಡಿ ಸಿಂಕಿನ ಪಕ್ಕದಲ್ಲಿತ್ತು.
ಟಣ್.

ಅಂದಿನಿಂದ ಜಾಡಿಯೇ ಪಂಚಾಂಗ.
ಹತ್ತಿದ ದಿನ ಬಿಲ್ಲೆ, ಹತ್ತದ ದಿನ ಇಲ್ಲ.
ತಿರುವಿಗೆ ಒಂಬತ್ತು ಮೆಟ್ಟಿಲು, ಆಕೆಯ ಎಣಿಕೆ ಎಂಟರದು;
ಪ್ರತಿ ಸಲವೂ ಒಂದು ಮೆಟ್ಟಿಲು ತಾಳದ ಹೊರಗೆ ಉಳಿದು
ಮುಂದಿನ ಸಾಲಿಗೆ ನುಸುಳಿ, ಇನ್ನೊಂದನ್ನು ತಳ್ಳಿ,
ಕೊನೆಗೆ ಒಂಬತ್ತನೆಯ ಮಹಡಿಯ ಹೊಸ್ತಿಲಲ್ಲಿ
ಲೆಕ್ಕ ಚುಕ್ತಾ.
ಒಂದಕ್ಕೆ ಆಕೆಯ ಭಾಷೆಯಲ್ಲಿ ‘ಏರ್ತಿ’ ಅನ್ನುತ್ತಾರೆ;
ಕನ್ನಡದ ಕಿವಿಗೆ ಅದು
ಕೆಳಗಿನ ಮೆಟ್ಟಿಲು ಕೇಳಿದ ಪ್ರಶ್ನೆ.

ನವೆಂಬರಿನ ಒಂದು ರಾತ್ರಿ ಮಂಡಿ ಒಲ್ಲೆ ಅಂದಿತು.
ಲಿಫ್ಟಿನಲ್ಲೇ ಬಂದಳು. ಆದರೂ ಜಾಡಿಗೆ ಒಂದು ಹಾಕಿದಳು.
ಯಾರು ನೋಡಿದರು?
ದೀಪ ಆರಿಸಿ ಮಲಗಿದರೆ
ಅಡುಗೆಮನೆಯಲ್ಲಿ ಒಂದು ಅಪಸ್ವರ.
ಎದ್ದು, ಜಾಡಿ ಬೋರಲು ಹಾಕಿ, ಒಂದು ಬಿಲ್ಲೆ ತೆಗೆದಳು.
ಯಾವುದೋ ಒಂದು; ಎಲ್ಲಕ್ಕೂ ಒಂದೇ ಮುಖ.
ಆಮೇಲೆ ನಿದ್ದೆ.

ಫೆಬ್ರವರಿಯಲ್ಲಿ ಲಿಫ್ಟು ಕೆಟ್ಟಿತು, ಮೂರು ವಾರ.
ಇಡೀ ಕಟ್ಟಡ ಏದುಸಿರು ಬಿಟ್ಟಿತು.
ಐದನೆಯ ಮಹಡಿಯಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತು
ಜುಂಬೇರ್ ಬೈಯುತ್ತಿದ್ದ: ಮೇಯರನ್ನು, ಮೋಟರನ್ನು,
ಮೆಟ್ಟಿಲು ಕಂಡುಹಿಡಿದವನನ್ನು.
‘ನೀನೇನು, ಹಾಡಿಕೊಂಡು ಹೋಗ್ತೀಯಲ್ಲ!’
ಹಾಡಲ್ಲ, ಎಣಿಕೆ, ಅಂದಳು; ಚೀಲದ ಒಂದು ಕಿವಿ ಹಿಡಿದಳು.
ಮನೆಗೆ ಬಂದು ಯೋಚನೆಗೆ ಬಿದ್ದಳು.
ಬೇರೆ ದಾರಿಯೇ ಇಲ್ಲದೆ ಹತ್ತಿದ್ದು ಹತ್ತಿದ ಲೆಕ್ಕವೇ?
ಉಳಿಸದ ಕಾಸನ್ನು ಉಳಿಸಿದೆನೆಂದು ಹಾಕುವುದು ಹೇಗೆ?
ಬಹಳ ಹೊತ್ತಿನ ಮೇಲೆ ಒಂದು ಅಕ್ರೋಟು ಹಾಕಿದಳು.
ಇಪ್ಪತ್ತೊಂದು ಅಕ್ರೋಟು ಇವತ್ತಿಗೂ ಇವೆ
ಗಾಜಿನಾಚೆ, ಬಿಳಿ ಲೋಹದ ನಡುವೆ ಒಂದು ಕಂದು ಪದರ.

ಡಾಕ್ಟರು ಮತ್ತೆ ಎದೆಗೆ ಕಿವಿಯಿಟ್ಟರು.
‘ಪರವಾಗಿಲ್ಲ’ ಅಂದರು. ಅಷ್ಟೇ ಅಂದರು.
ಬ್ಯಾಲೆ ಶಾಲೆಯ ಮೇಷ್ಟರೂ ಯಾವ ಮಗುವಿಗೂ
ಇದಕ್ಕಿಂತ ಹೆಚ್ಚು ಹೇಳಿದ್ದನ್ನು ಆಕೆ ಕೇಳಿಲ್ಲ.

ಈಗ ಮೇ ತಿಂಗಳು. ಚಳಿಯ ಕೋಟನ್ನು ಒಗೆಯಲು ತೆಗೆದರೆ
ಜೇಬಿನಲ್ಲಿ ಬಿಲ್ಲೆಗಳು. ಏಳು.
ಯಾವ ದಿನದವು? ಹತ್ತಿ ಬಂದು, ಬಾಗಿಲು ತೆಗೆದು,
ಸೂಪು ಬಿಸಿಮಾಡಿ, ಜಾಡಿಯನ್ನೇ ಮರೆತ ಸಂಜೆಗಳು.
ಕಾಲು ನೆನಪಿಟ್ಟುಕೊಂಡದ್ದನ್ನು ಕೈ ಮರೆತಿತ್ತು.
ಏಳನ್ನೂ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾಳೆ ಲಮಾರಾ:
ತಡವಾಗಿ ಬರೆದುಕೊಂಡರೆ ಅದೂ ಸುಳ್ಳಾಗುವುದೇ?

ಅಂಗಳದಿಂದ ಜುಂಬೇರ್ ಕೂಗುತ್ತಿದ್ದಾನೆ,
ಲಿಫ್ಟಿಗೆ ಚಿಲ್ಲರೆ ಇಲ್ಲವಂತೆ.
ಕಿಟಕಿ ತೆರೆದು, ಹಗ್ಗದ ಬುಟ್ಟಿಯಲ್ಲಿ
ಒಂದನ್ನು ಇಳಿಬಿಡುತ್ತಾಳೆ.
ಉಳಿದದ್ದು ಆರು.